ಕೇಳುವ ತನಕ ಕೊಡಬೇಡಿ

ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. ಯಾವ ಆ್ಯಪ್ ಒಳ್ಳೆಯದು, ವಿಡಿಯೋ ಕಾಲ್‌ನಲ್ಲಿ ಪಾಠ ಮಾಡಿದರೆ ಉಪಯೋಗ ಆಗುತ್ತದೆಯೇ, ರೋಗಿ ಸಿಟ್ಟಿಗೆದ್ದರೆ ಏನು ಮಾಡಬೇಕು ಎಂದೆಲ್ಲ ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಆಮೇಲೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ: "ಸುಮ್ಮನ ಕೂಡ್ಲಿಕ್ಕೆ ಬರ್ತದೇನವಾ ನಿನಗ?" ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿರುವುದಿಲ್ಲ.

ಪುಣೆಯ ಒಂದು ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸಕಿಯಾಗಿದ್ದು ನಿವೃತ್ತಳಾದವಳು ನಾನು. ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವ ಕೆಲಸ ಎಂದು ಜನ ತಿಳಿಯುತ್ತಾರೆ. ಕೂತು ನೋಡಿದರೆ ಅದು ನಮ್ಮ ನಾಲಿಗೆಯ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡು ಎದುರಿನವರ ಬಾಯಿ ಕಾಯುವ ಕೆಲಸ. ಧಾರವಾಡದ ಕಡೆಯ, ಎಲ್ಲರೂ ಒಟ್ಟಿಗೆ ಮಾತಾಡುವ ಮನೆಯಲ್ಲಿ ಬೆಳೆದ ನನಗೆ ಇದು ಸುಲಭಕ್ಕೆ ಒಗ್ಗಲಿಲ್ಲ. ರೋಗಿ "ಚ... ಚ..." ಎನ್ನುವಷ್ಟರಲ್ಲಿ ನಾನು "ಚಹಾ" ಎಂದುಬಿಡುತ್ತಿದ್ದೆ.

ಇದನ್ನು ಬಿಡಿಸಿದವರು ನಮ್ಮ ಮುಖ್ಯಸ್ಥೆ ಸಾಠೆಬಾಯಿ. ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಹೊಗಳಿದ್ದು ಕಡಿಮೆ, ಬೈದದ್ದು ಲೆಕ್ಕವಿಲ್ಲ. ರೋಗಿ ಇಂದು ಏನೇನು ಹೇಳಿದ ಎಂದು ನಾವು ಉತ್ಸಾಹದಿಂದ ವರದಿ ಒಪ್ಪಿಸಿದರೆ ಕನ್ನಡಕದ ಮೇಲಿಂದ ನೋಡಿ, "ಕಾಯ್ ಬೋಲತೋ ತೇ ನಕೋ ಸಾಂಗೂಸ್, ಕಾಯ್ ಮಾಗತೋ ತೇ ಸಾಂಗ್" ಅನ್ನುತ್ತಿದ್ದರು. ಏನು ಮಾತಾಡುತ್ತಾನೆ ಅದು ಬೇಡ, ಏನು ಬೇಡುತ್ತಾನೆ ಅದನ್ನು ಹೇಳು.

ಇದರ ಅರ್ಥ ನನಗೆ ತಿಳಿದದ್ದು ಸಾಸವಡದಿಂದ ಬಂದ, ಹಣ್ಣು ಮಾರುವ ಒಬ್ಬ ಅಜ್ಜಿಯಿಂದ. ಆಗೆಲ್ಲ ನಮ್ಮ ಸಾಮಗ್ರಿ ಎಂದರೆ ಒಂದು ಕನ್ನಡಿ, ಒಂದು ಮೇಣದಬತ್ತಿ, ಚಿತ್ರದ ಕಾರ್ಡುಗಳು. ಸೇಬು, ಆನೆ, ಬೀಗದಕೈ ಯಾವುದನ್ನು ತೋರಿಸಿದರೂ ಅಜ್ಜಿ ತುಟಿ ಬಿಚ್ಚಲಿಲ್ಲ. ಒಂದು ದಿನ ಅವಳ ಮಗಳು ತಂದ ಅಂಜೀರದ ಹಣ್ಣನ್ನು ಕೈಯಲ್ಲಿಟ್ಟೆ. "ಘ್ಯಾ ಅಂಜೀರ! ಗೋಡ ಅಂಜೀರ!" ಎಂದು ಸಂತೆಯ ದನಿಯಲ್ಲಿ ಕೂಗಿಬಿಟ್ಟಳು. ತಗೊಳ್ಳಿ ಅಂಜೀರ, ಸಿಹಿ ಅಂಜೀರ. ಇಡೀ ವಾರ್ಡು ತಿರುಗಿ ನೋಡಿತು. ನಾನು ಸಾಠೆಬಾಯಿಯ ಹತ್ತಿರ ಓಡಿದೆ. ಅವರು ತಲೆ ಎತ್ತದೆ, "ಮಗಳನ್ನು ಕರೆದಳೇ?" ಎಂದರು. ಕರೆದಿರಲಿಲ್ಲ. ಮಗಳು ಅಲ್ಲೇ ನಿಂತು ಅಳುತ್ತಿದ್ದಳು, ಅಜ್ಜಿ ಅಂಜೀರ ಮಾರುತ್ತಲೇ ಇದ್ದಳು.

ರೂಢಿಯಿಂದ ಬರುವ ಮಾತೇ ಬೇರೆ, ಬೇಕಾದದ್ದನ್ನು ಕೇಳುವ ಮಾತೇ ಬೇರೆ. ಜೀವಮಾನವಿಡೀ ಬಾಯಿಯಲ್ಲಿ ಆಡಿದ ಕೂಗು, ಹಾಡು, ಮಂತ್ರ, ಬೈಗುಳ ಇವೆಲ್ಲ ಪೆಟ್ಟು ತಿಂದ ಮೆದುಳಿನಿಂದಲೂ ಹೊಳೆಯಂತೆ ಹರಿದುಬರಬಹುದು. ಅದೇ ಮನುಷ್ಯನಿಗೆ "ನೀರು" ಅನ್ನಲು ಆಗದಿರಬಹುದು. ಇಷ್ಟು ತಿಳಿದರೆ ನಾನು ಹೇಳಹೊರಟ ಆಚಾರ್ಯರ ಕಥೆ ನಿಮಗೆ ಅರ್ಥವಾಗುತ್ತದೆ.

ಗುಂಡಾಚಾರ್ಯರು ಬೆಳಗಾವಿ ಕಡೆಯವರು. ದೇಹೂ ರೋಡ್‌ನ ಸೈನ್ಯದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ಬಿಬವೇವಾಡಿಯಲ್ಲಿ ನೆಲೆಸಿದ್ದರು. ನೌಕರಿ ಹೊಟ್ಟೆಪಾಡಿಗೆ, ಜೀವವೆಲ್ಲ ಪುರಾಣ ಪ್ರವಚನದಲ್ಲಿ. ಪುಣೆಯ ಕನ್ನಡಿಗರಲ್ಲಿ ಅವರ ಮಾತು ಕೇಳದವರು ಕಡಿಮೆ. ಕಾಗದ ನೋಡುತ್ತಿರಲಿಲ್ಲ, ತಡವರಿಸುತ್ತಿರಲಿಲ್ಲ. ಯಾರಾದರೂ ಸ್ತೋತ್ರದಲ್ಲಿ ಒಂದು ಒತ್ತಕ್ಷರ ಬಿಟ್ಟರೆ ಸಭೆಯ ನಡುವೆಯೇ ತಿದ್ದುತ್ತಿದ್ದರು. ತಿದ್ದಿಸಿಕೊಂಡವರು ಮರುವಾರ ಬರಲು ಹಿಂದೆಮುಂದೆ ನೋಡುತ್ತಿದ್ದರಂತೆ.

ಅವರಿಗೆ ಲಕ್ವ ಹೊಡೆದು ಬಲಗೈ ಬಿತ್ತು, ಮಾತು ಹೋಯಿತು. ಆಸ್ಪತ್ರೆಗೆ ಕರೆತಂದವರು ಇಬ್ಬರು. ಹೆಂಡತಿ ಇಂದಿರಾಬಾಯಿ, ನಾನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಮತ್ತೊಬ್ಬರು ಶಿಷ್ಯ ಅನಂತರಾವ್, ಅಲ್ಲೇ ಬಿಬವೇವಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕೆಲವು ದಿನ ಕಳೆದ ಮೇಲೆ ಈ ಅನಂತರಾವ್ ಏದುಸಿರು ಬಿಡುತ್ತ ನನ್ನ ಕೋಣೆಗೆ ಬಂದರು.

"ಬಾಯಾರ, ನಮ್ಮ ಆಚಾರ್ರು ಮಾತಾಡಿದ್ರು ರೀ! ಪೂರಾ ಸ್ತೋತ್ರ ಅಂದ್ರು. ಒಂದಕ್ಷರ ತಪ್ಪಿಲ್ಲ!"

ಹೋಗಿ ನೋಡಿದೆ. ನಿಜ. ಕಣ್ಣು ಮುಚ್ಚಿ, ಅದೇ ಹಳೆಯ ಗಂಟಲಿನಲ್ಲಿ ಸ್ತೋತ್ರ ಹೇಳುತ್ತಿದ್ದರು. ಮುಗಿದ ಮೇಲೆ ನಾನು ಮೇಜಿನ ಮೇಲಿದ್ದ ತಂಬಿಗೆ ತೋರಿಸಿ, "ಇದೇನ್ರೀ ಆಚಾರ್ರ?" ಎಂದೆ. ಅವರು ಬಾಯಿ ತೆರೆದರು. ಸ್ತೋತ್ರದ ಮೊದಲ ಸಾಲು ಬಂತು. ತಡೆದು ಮತ್ತೆ ಯತ್ನಿಸಿದರು. ಮತ್ತೆ ಅದೇ ಸಾಲು. ನನ್ನನ್ನು ನೋಡಿದರು, ತಂಬಿಗೆ ನೋಡಿದರು. ಮುಖ ಕೆಂಪಾಯಿತು. ಎಡಗೈಯಿಂದ ನನ್ನ ಕಾರ್ಡುಗಳನ್ನು ನೆಲಕ್ಕೆ ತಳ್ಳಿ ಹಾಕಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

"ಅವರಿಗೆ ಕೂಸಿಗೆ ಕಲಿಸಿಧಂಗ ಆನಿ, ತಂಬಗಿ ಕಲಿಸೂದೇನ್ರೀ ಬಾಯಾರ?" ಎಂದು ಅನಂತರಾವ್ ನನ್ನ ಮೇಲೆಯೇ ಹರಿಹಾಯ್ದರು. "ಎಂಥಾ ಪಂಡಿತರು ಅವರು!"

ನಾನು ಹೇಳಿದ್ದನ್ನೆಲ್ಲ ಕೇಳಿ ಸಾಠೆಬಾಯಿ, "ಮಾತು ಮರಳುವುದಿದ್ದರೆ ಹೆಚ್ಚಿನದು ಈ ಮೊದಲ ತಿಂಗಳುಗಳಲ್ಲೇ ಮರಳಬೇಕು. ಆ ಮನುಷ್ಯ ಬಾಯಿಬಿಟ್ಟು ಕೇಳದೆ ಹೋದರೆ ಸ್ತೋತ್ರವೊಂದೇ ಉಳಿಯುತ್ತದೆ. ಮನೆಗೆ ಹೋಗಿ ನೋಡು" ಎಂದರು.

ಮನೆಗೆ ಹೋಗಿ ನೋಡಿದಾಗ ಕಾರಣ ತಿಳಿಯಿತು. ಆಚಾರ್ಯರಿಗೆ ಏನನ್ನೂ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಕುರ್ಚಿಯ ಪಕ್ಕದ ಮೇಜಿನ ಮೇಲೆ ಖಾಲಿ ತಂಬಿಗೆಯೊಂದಿರುತ್ತಿತ್ತು. ಬೆರಳಿನ ಉಂಗುರವನ್ನು ಅದಕ್ಕೆ ತಾಗಿಸಿ ಟಣ್ ಎನಿಸಿದರೆ ಕಾಕು ಅಡುಗೆಮನೆಯಿಂದ ಓಡಿಬರುತ್ತಿದ್ದರು. ಹುಬ್ಬು ಮೇಲೇರಿದರೆ ಫ್ಯಾನು, ಕೆಳಗಿಳಿದರೆ ಚಾದರ.

"ಇದು ಈಗಿಂದಲ್ಲ ತಂಗಿ," ಎಂದರು ಕಾಕು. "ಲಗ್ನಾದಾಗಿಂದ ಅವರು ನನಗ ಬಾಯಿಬಿಟ್ಟು ನೀರು ಕೇಳಿದ್ದಿಲ್ಲ. ಊರಿಗೆಲ್ಲಾ ತಾಸುಗಟ್ಲೆ ಹೇಳ್ತಿದ್ರು. ನನಗ ಬರೇ ಟಣ್. ಈಗ ಬಲಗೈ ಏಳವಲ್ದು, ಉಂಗುರಾ ಎಡಗೈಗೆ ಹಾಕಿಸಿಕೊಂಡಾರ."

ಆ ಎಡಗೈ ತಂಬಿಗೆ ಬಡಿಯಲು ಮಾತ್ರ. ಅದರಲ್ಲಿ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಎಡಗೈ ಚಾಚಿ ನೀರು ಇಸಿದುಕೊಳ್ಳುವುದು, ಎಡಗೈಯಿಂದ ತುತ್ತು ಎತ್ತುವುದು ಅವರ ಆಚಾರಕ್ಕೆ ಸಲ್ಲದು. ಹಾಗಾಗಿ ಕಾಕುವೇ ಉಣಿಸಬೇಕು, ಕಾಕುವೇ ಬಾಯಿಗೆ ಲೋಟ ಹಿಡಿಯಬೇಕು. ಆಗೆಲ್ಲ ಆಚಾರ್ಯರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು.

ನಾನು ಕಾಕುವಿಗೆ ಕೆಲಸ ಹೇಳಿದೆ. ಊಟದ ಹೊತ್ತಿಗೆ ಊಟ, ಔಷಧಿಯ ಹೊತ್ತಿಗೆ ಔಷಧಿ, ನೀರು ತಪ್ಪಿಸುವಂತಿಲ್ಲ. ಆದರೆ ನಡುವೆ ಅವರಿಗೆ ಬೇಕಾದದ್ದಕ್ಕೆ ಸ್ವಲ್ಪ ತಡೆಯಿರಿ. ಅರ್ಧ ಮಾತು ಬರಲಿ, ತುಟಿಯಾದರೂ ಅಲುಗಲಿ. "ಕೇಳೋ ತನಕ ಕೊಡಬ್ಯಾಡ್ರಿ ಕಾಕು."

"ಗಂಡಗ ನೀರು ಕೊಡಬ್ಯಾಡ ಅಂತೀಯಲ್ಲ, ಎಂಥಾಕಿ ನೀ!" ಎಂದು ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಕೈಲೆ ಆಗೂದಿಲ್ಲವಾ. ಟಣ್ ಅಂದ್ರ ನನ್ನ ಕಾಲು ತಾವ ಓಡ್ತಾವ."

ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಡಿ. ರೋಗಿಯ ಬಾಯಿ ಕಟ್ಟುವವರಲ್ಲಿ ಮೊದಲಿಗರು ಅವರನ್ನು ಅತಿ ಪ್ರೀತಿಸುವವರೇ. ಅವರನ್ನು ಬೈಯಬೇಡಿ. ಬೈದರೆ ಅವರು ನಿಮ್ಮ ಮುಂದೆ ತಡೆಯುತ್ತಾರೆ, ನೀವು ಮೆಟ್ಟಿಲಿಳಿದ ಕೂಡಲೇ ಓಡಿಹೋಗಿ ಕೊಡುತ್ತಾರೆ.

ಇಷ್ಟರಲ್ಲಿ ಶ್ರಾವಣ ಬಂತು. ಅನಂತರಾವ್ ಒಂದು ಸಭಾಗೃಹ ಹಿಡಿದು ಆಚಾರ್ಯರ ಪ್ರವಚನ ಇಟ್ಟುಬಿಟ್ಟರು. ನಾನು ಬೇಡವೆಂದೆ. "ಸ್ತೋತ್ರ ಅಂತಾರಲ್ರೀ, ಪೀಠದ ಮ್ಯಾಲೆ ಕೂತ್ರ ಉಳಿದದ್ದು ತಾನ ಬರ್ತದ" ಎಂದರು. ಆಚಾರ್ಯರೂ ತಲೆಯಾಡಿಸಿದರು. ಅವರ ಮುಖದಲ್ಲಿ ಲಕ್ವದ ನಂತರ ಮೊದಲ ಬಾರಿಗೆ ಗೆಲುವು ಕಂಡೆ. ತಂಬಿಗೆಯ ಹೆಸರು ಹೇಳಲಾಗದಿದ್ದರೇನು, ಪುರಾಣ ತನ್ನನ್ನು ಕೈಬಿಡುವುದಿಲ್ಲ ಎಂದು ಅವರು ನಂಬಿದ್ದರು.

ವಿಷಯ, ಮೂರು ಹೆಜ್ಜೆ ನೆಲ ಬೇಡಿದ ಪುಟ್ಟ ವಟುವಿನ ಕಥೆ. ಅವರು ಹೆಸರಾದ ಪ್ರಸಂಗ ಅದೇ. ಮೂರನೆಯ ಹೆಜ್ಜೆಗೆ ಅರಸ ತಲೆಯೊಡ್ಡುವಲ್ಲಿ ಸಭೆಯನ್ನೆಲ್ಲ ಅಳಿಸುತ್ತಿದ್ದರು. ಅಹಂಕಾರದ ತಲೆ ಹೇಗೆ ಬಾಗಬೇಕು ಎಂದು ಬೆರಳೆತ್ತಿ ಹೇಳುತ್ತಿದ್ದರಂತೆ.

ಸಭಾಗೃಹ ತುಂಬಿತ್ತು. ಆಚಾರ್ಯರನ್ನು ಇಬ್ಬರು ಹಿಡಿದು ಪೀಠದ ಮೇಲೆ ಕೂರಿಸಿದರು. ಮೊದಲ ಮಂಗಳ ಶ್ಲೋಕ ಬಂತು, ನೋಡಿ, ನನಗೇ ಮೈ ಜುಮ್ಮೆಂದಿತು. ಅಷ್ಟು ತುಂಬಿದ ದನಿ. ಹೆಂಗಸರು ಕೈ ಮುಗಿದರು. ಶ್ಲೋಕ ಮುಗಿಯಿತು. ಈಗ ಕಥೆ ಶುರುವಾಗಬೇಕು, ಸಾದಾ ಕನ್ನಡದ ಒಂದು ವಾಕ್ಯ ಬರಬೇಕು. ಅವರು ಉಸಿರೆಳೆದು ಬಾಯಿ ತೆರೆದರು. ಅದೇ ಶ್ಲೋಕ ಬಂತು. ಜನ ಮತ್ತೆ ಕೈ ಮುಗಿದರು. ಇನ್ನೊಮ್ಮೆ ಅದೇ ಶ್ಲೋಕ. ಮುಗಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಅವರ ಕಣ್ಣುಗಳಲ್ಲಿ ಹೆದರಿಕೆ ಕಂಡಿತು, ಬಾಯಿ ಮಾತ್ರ ನಿಲ್ಲಲಿಲ್ಲ. ಕಾಕು ಹೆಂಗಸರ ಸಾಲಿನಿಂದ ಎದ್ದುಹೋಗಿ ಬಾಯಿಗೆ ಲೋಟ ಹಿಡಿದರು. ಆಚಾರ್ಯರು ಮುಖ ತಿರುಗಿಸಿದರು. ನೀರು ಶಲ್ಯದ ಮೇಲೆ ಚೆಲ್ಲಿತು. ಅನಂತರಾವ್ ಮೈಕು ಆರಿಸಿದರು.

ಒಬ್ಬ ಮನುಷ್ಯನ ಮಾನ ಅವನ ಕಣ್ಣೆದುರಿಗೇ ಹೋಗುವುದನ್ನು ನೋಡಬಾರದು.

ಮರುದಿನದಿಂದ ಆಚಾರ್ಯರು ಸ್ತೋತ್ರವನ್ನೂ ಬಿಟ್ಟರು. ಉಂಗುರದ ಸದ್ದೂ ನಿಂತಿತು. ನಾನು ಹೋದರೆ ಗೋಡೆ ಕಡೆ ತಿರುಗುತ್ತಿದ್ದರು. ಇನ್ನು ಹೋಗುವುದಿಲ್ಲ ಎಂದು ಸಾಠೆಬಾಯಿಗೆ ಹೇಳಿದೆ. "ನಿನ್ನನ್ನು ಮಾತಾಡಲು ಕಳಿಸುತ್ತಿಲ್ಲ. ಹೋಗಿ ಕೂತು ಬಾ" ಎಂದರು. ಹೋಗಿ ಕೂತೆ. ವಾರಗಟ್ಟಲೆ ಅದೊಂದೇ ಚಿಕಿತ್ಸೆ.

ಅನಂತರಾವ್ ಕೂಡ ದಿನವೂ ಸಂಜೆ ಅಂಗಡಿಯನ್ನು ಮಗನಿಗೆ ಬಿಟ್ಟು ಬರುತ್ತಿದ್ದರು. ತಪ್ಪು ಮಾಡಿದೆನೆಂಬ ಸಂಕಟ ಅವರಿಗೆ. ಬಟ್ಟೆಯಲ್ಲಿ ಸುತ್ತಿಟ್ಟ ಪುರಾಣ ಬಿಚ್ಚಿ ಗುರುಗಳ ಕಾಲ ಬಳಿ ಕೂತು ಓದುತ್ತಿದ್ದರು. ಒಂದು ಸಂಜೆ ನನ್ನನ್ನು ಪಡಸಾಲೆಗೆ ಕರೆದು ಪಿಸುಗುಟ್ಟಿದರು.

"ಬಾಯಾರ, ಆಚಾರ್ರಿಗೆ ನನ್ನ ಮ್ಯಾಲೆ ಸಿಟ್ಟು ಭಾಳ ಅದ ಕಾಣ್ತದ. ಆ ಮೂರ ಹೆಜ್ಜಿ ಕಥಿ ತೋರಿಸಿ ಓದು ಅಂತ ಸನ್ನಿ ಮಾಡ್ತಾರ. ಓದಲಿಕ್ಕೆ ಹತ್ತಿದ್ರ, ಅರಸನ ಹೆಸರು ಬಂದ ಕೂಡ್ಲೇ ಕೈ ಎತ್ತತಾರ. ಉಚ್ಚಾರ ತಪ್ಪಿತೇನೋ ಅಂತ ಮತ್ತ ಸರಿಯಾಗಿ ಅಂತೀನಿ, ಮತ್ತ ಕೈ."

"ಬರೇ ಹೆಸರು ಬಂದಾಗ ಎತ್ತತಾರೇನ್ರೀ?"

"ಹೌದ್ರಿ. ಯಾರ ಹೆಸರಿದ್ರೂ ಅಷ್ಟೇ." ಹೇಳುತ್ತ ಹೇಳುತ್ತ ಅನಂತರಾವ್ ನಿಂತರು. ಮುಖ ಬದಲಾಯಿತು. "ತಡೀರಿ. ಆಚಾರ್ರ ಗುರುಗಳು ಒಂದು ಮಾತು ಹೇಳ್ತಿದ್ರಂತ. ಪುರಾಣ ಮನಸಿನೊಳಗ ಇಳೀಬೇಕಂದ್ರ ಹೆಸರು ತಗದು ಓದ್ರಿ. ಹೆಸರಿತ್ತಂದ್ರ ಅದು ಅವನ ಸುದ್ದಿ, ಹೆಸರು ತಗದ್ರ ನಿಮ್ಮ ಸುದ್ದಿ. ಆಚಾರ್ರು ನಮಗೂ ಇದನ್ನ ಭಾಳ ಸಲ ಹೇಳ್ಯಾರ್ರೀ." ದನಿ ತಗ್ಗಿಸಿ ಸೇರಿಸಿದರು: "ಹೇಳೂಮುಂದ ಬೆರಳು ನಮ್ಮ ಕಡೆ ಇರ್ತಿತ್ತು."

ಆಚಾರ್ಯರ ರೋಗ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರಿಂದ ಮೊದಲು ಹೋದದ್ದೇ ಹೆಸರುಗಳು. ತಂಬಿಗೆ, ಹೆಂಡತಿ, ದೇವರು ಯಾವ ಹೆಸರೂ ಕರೆದಾಗ ಬಾರದು. ಜೀವಮಾನವಿಡೀ ಬೇರೆಯವರಿಗೆ ಹೇಳಿದ ಓದು ಈಗ ತಾನಾಗಿ ಅವರಿಗೇ ಬಂದು ಕೂತಿತ್ತು.

ಒಳಗೆ ಹೋಗಿ, "ಆಚಾರ್ರ, ನಾ ಓದ್ಲೇನ್ರೀ? ಹೆಸರು ಬಿಟ್ಟು ಓದ್ತೀನಿ" ಎಂದೆ. ಗೋಡೆಯ ಕಡೆಗಿದ್ದ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು. ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆವು.

ಅವರಿಗೆ ಎಟುಕುವಷ್ಟು ನಿಧಾನವಾಗಿ, ಸಾದಾ ಮಾತಿನಲ್ಲಿ ಓದಿದೆ. ಒಬ್ಬ ಅರಸ. ಬೇಡಿದವರಿಗೆಲ್ಲ ಕೊಡುವವನು, ಕೊಟ್ಟೆನೆಂಬ ಹೆಮ್ಮೆಯವನು. ಅವನ ಬಾಗಿಲಿಗೆ ಒಬ್ಬ ಪುಟ್ಟ ಹುಡುಗ ಬಂದ, ಮೂರು ಹೆಜ್ಜೆ ನೆಲ ಬೇಡಿದ. ಅರಸನ ಗುರು ಬೇಡವೆಂದ. ಅರಸ ಕೇಳಲಿಲ್ಲ, ಧಾರೆ ಎರೆಯಲು ಗಿಂಡಿ ಎತ್ತಿದ. ಎಲ್ಲ ಬಲ್ಲ ಆ ಗುರು ಸಣ್ಣವನಾಗಿ ಗಿಂಡಿಯ ಕೊಳವೆಯೊಳಗೆ ಹೊಕ್ಕು ಕೂತ. ನೀರು ಹೊರಗೆ ಬರಲಿಲ್ಲ.

ಆಚಾರ್ಯರ ಎಡಗೈ ಮೇಲೆದ್ದಿತು. ನಾನು ನಿಲ್ಲಿಸಿದೆ. ಅವರು ದೇವರ ಮುಂದಿದ್ದ ಹಿತ್ತಾಳೆಯ ಗಿಂಡಿಯನ್ನು ತೋರಿಸಿದರು. ಅನಂತರಾವ್ ತಂದು ಎದುರಿಗಿಟ್ಟರು. ಅದರ ಕೊಳವೆಯ ಬಾಯಿಯ ಮೇಲೆ ಆಚಾರ್ಯರು ಬೆರಳಿಟ್ಟರು. ಆಮೇಲೆ ಅದೇ ಬೆರಳನ್ನು ತಮ್ಮ ತುಟಿಯ ಮೇಲಿಟ್ಟರು.

"ನೀರು ಬೇಕೇನ್ರೀ ಆಚಾರ್ರ?" ಅನಂತರಾವ್ ಏಳಹೊರಟರು. ನಾನು ಅವರ ತೋಳು ಹಿಡಿದು ಕೂರಿಸಿದೆ.

"ಕೊಳವ್ಯಾಗ ಕೂತವರು ನೀವಾ ಆಚಾರ್ರ?"

ಅವರು ಕಣ್ಣು ಮುಚ್ಚಿದರು. ಹೌದೆಂದು ತಲೆಯಾಡಿಸಿದರು. ಮುಚ್ಚಿದ ಕಣ್ಣಿಂದ ನೀರು ಇಳಿದು ಗಡ್ಡದಲ್ಲಿ ಸೇರಿತು. ನನಗೂ ತಡೆಯಲಾಗಲಿಲ್ಲ. ಆ ಗುರುವಿನ ಪ್ರಸಂಗ ಬಂದಾಗಲೆಲ್ಲ ಅವರು ಹಾಸ್ಯ ಮಾಡಿ ಸಭೆಯನ್ನು ನಗಿಸುತ್ತಿದ್ದರೆಂದು ಅನಂತರಾವ್ ಆಮೇಲೆ ಹೇಳಿದರು.

ನಿವೃತ್ತಿಯಾದ ಮೇಲೆ ನಾನೂ ಆ ಕಥೆಯನ್ನು ಹಾಗೇ, ಹೆಸರು ಬಿಟ್ಟು ಓದುತ್ತೇನೆ. ಬೆಳಿಗ್ಗೆ ಅರಸನಾಗಿರುತ್ತೇನೆ, ಸೊಸೆಗೆ ಬುದ್ಧಿ ಹೇಳುವ ಹೊತ್ತಿಗೆ ಕೊಳವೆಯೊಳಗೆ ಹೊಕ್ಕಿರುತ್ತೇನೆ. ಪುಟ್ಟ ಹುಡುಗನ ಜಾಗದಲ್ಲಿ ನಿಲ್ಲುವುದೇ ಕಷ್ಟ.

ಆಚಾರ್ಯರು ಮತ್ತೆ ಪ್ರವಚನ ಮಾಡಿದರೇ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಇಲ್ಲ. ಪೀಠ ಏರಲಿಲ್ಲ. ಮಾತು ಬಂತು, ಒಂದೊಂದೇ, ಮುರಿದು ಮುರಿದು. ಬೇರೆಯವರ ಪ್ರವಚನಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಪ್ರಸಾದ ಹಂಚುವವರ ಮುಂದೆ ಕೈಯೊಡ್ಡಿ "ಕೋ... ಸಂಬ್ರಿ" ಎಂದು ಕೇಳಿ ಇಸಿದುಕೊಳ್ಳುತ್ತಿದ್ದರು. ಯಾರಾದರೂ ಅಕ್ಷರ ತಪ್ಪಿದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ನಾನು ಹೇಳಬೇಕಾದದ್ದು ಆ ಸಂಜೆಯದು.

ಓದು ಮುಂದುವರಿಸಿದೆ. ಹುಡುಗ ದರ್ಭೆಯ ಕಡ್ಡಿಯಿಂದ ಕೊಳವೆಯನ್ನು ಚುಚ್ಚಿದ. ಗುರುವಿನ ಒಂದು ಕಣ್ಣು ಹೋಯಿತು, ನೀರಿಗೆ ದಾರಿಯಾಯಿತು. ಲೋಕವೆಲ್ಲ ಯಾರದೋ ಅವನೇ ಸಣ್ಣವನಾಗಿ, ಬಾಗಿಲಲ್ಲಿ ಕೈ ಚಾಚಿ ನಿಂತಿದ್ದ.

ಅಷ್ಟು ಓದಿದಾಗ ಆಚಾರ್ಯರು ತಮ್ಮ ಕೈಗಳನ್ನು ನೋಡಿಕೊಂಡರು. ಕಾಕು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಗಂಡನ ಮುಖ ನೋಡಿಯೇ ಬಾಯಾರಿದೆಯೆಂದು ಅವರಿಗೆ ತಿಳಿದಿತ್ತು. ಮುಂದೆ ಬಂದು, ನೀರು ತುಂಬಿದ್ದ ಆ ಗಿಂಡಿಯನ್ನು ಎತ್ತಿಕೊಂಡರು. ನಾನು ಕಣ್ಣಲ್ಲೇ ಬೇಡವೆಂದೆ. ಕಾಕು ಅಲ್ಲೇ ನಿಂತರು.

ಆಚಾರ್ಯರು ಬಾಯಿ ತೆರೆದರು. ಶ್ಲೋಕ ಬಂತು, ತುಂಬಿದ ದನಿಯಲ್ಲಿ, ಒಂದು ಅಕ್ಷರ ತಪ್ಪದೆ. ಅವರು ಎಡಗೈಯಿಂದ ತಮ್ಮ ಬಾಯನ್ನು ತಾವೇ ಮುಚ್ಚಿಕೊಂಡರು. ಅಷ್ಟು ಚೆಂದದ ಶ್ಲೋಕವನ್ನು ನಡುವೆ ತುಂಡರಿಸಿ ಸುಮ್ಮನೆ ಕೂತರು. ಆ ಮೌನದಲ್ಲಿ "ನೀರು" ಎಂಬ ಶಬ್ದ ನನ್ನ ನಾಲಿಗೆಯ ತುದಿಗೆ ಎಷ್ಟು ಸಲ ಬಂತೋ, ನುಂಗಿದೆ.

ಆಮೇಲೆ ಅವರು ಎಡಗೈಯಿಂದ ಸತ್ತ ಬಲಗೈಯನ್ನು ಎತ್ತಿಕೊಂಡರು. ಅಂಗೈ ಮೇಲಾಗಿಸಿ ಎಡಗೈಯ ಮೇಲಿಟ್ಟುಕೊಂಡರು. ಎರಡೂ ಕೈಗಳನ್ನು ಹೆಂಡತಿಯ ಮುಂದೆ ಚಾಚಿದರು.

"ನೀ... ನೀ... ರು," ಎಂದರು. ಕುತ್ತಿಗೆಯ ನರ ಉಬ್ಬಿತ್ತು. "ಕೊ... ಡು."

ಅನಂತರಾವ್ ಮುಖ ಮುಚ್ಚಿಕೊಂಡು ಅಳತೊಡಗಿದರು. ಕಾಕು ಮಾತ್ರ ಗಿಂಡಿ ಹಿಡಿದು ನಿಂತೇ ಇದ್ದರು. ನೀರು ಹಾಕಲಿಲ್ಲ. ಆಚಾರ್ಯರ ಕೈ ಚಾಚಿಯೇ ಇತ್ತು.

"ಹಾಕ್ರಿ ಕಾಕು, ಕೇಳಿದ್ರಲ್ಲ," ಎಂದೆ ನಾನು.

ಕಾಕು ನನ್ನ ಕಡೆ ತಿರುಗಲೇ ಇಲ್ಲ. ಗಂಡನನ್ನೇ ನೋಡುತ್ತ, "ಇನ್ನೊಮ್ಮೆ ಕೇಳ್ರಿ," ಎಂದರು.

ಆಚಾರ್ಯರು ತಲೆ ಬಾಗಿಸಿ ಇನ್ನೊಮ್ಮೆ ಕೇಳಿದರು.